ಒಳಗೆ ಮೈನಸ್ ಇದ್ದರೆ ಗ್ರಾಫ್ ಬಲಕ್ಕೇಕೆ ಸರಿಯುತ್ತದೆ?

ಎಫ್(ಎಕ್ಸ್) ಅಂದರೆ ಎಕ್ಸ್‌ಗೆ ಒಂದು ಬೆಲೆ ಕೊಟ್ಟಾಗ ಸಿಗುವ ಉತ್ತರ. ಎಫ್(ಎಕ್ಸ್) + 3 ಅಂದರೆ ಗ್ರಾಫ್ ಮೂರು ಮನೆ ಮೇಲೇರುವುದು ನಿಮಗೆ ತಿಳಿದಿದೆ. ಎಫ್(ಎಕ್ಸ್ − 3) ಅಂದಾಗ ಮಾತ್ರ, ಮೈನಸ್ ಇದ್ದೂ ಬಲಕ್ಕೇಕೆ ಹೋಗುತ್ತದೆ ಎಂದು ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಮಕ್ಕಳು ತಡವರಿಸುವುದು ಇಲ್ಲೇ. "ಬ್ರಾಕೆಟ್ ಒಳಗಿದ್ದರೆ ಉಲ್ಟಾ" ಅಂತ ಸುಮ್ನೆ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಅದು ಉಲ್ಟಾ ಅಲ್ಲವೇ ಅಲ್ಲ.

ನಮ್ಮ ಬೀದರ್ ಬಸ್ಸನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ 6ಕ್ಕೆ ಕಲಬುರಗಿ ಬಿಡುತ್ತದೆ, ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ಸೇರುತ್ತದೆ ಅಂದುಕೊಳ್ಳೋಣ. ಗಡಿಯಾರದಲ್ಲಿ ಟಿ ಗಂಟೆ ಆದಾಗ ಬಸ್ ಎಷ್ಟು ಕಿ.ಮೀ. ಬಂದಿದೆಯೋ ಅದು ಎಫ್(ಟಿ). ಒಂದು ದಿನ ಬಸ್ 7ಕ್ಕೆ ಹೊರಟಿತು. ಓಟ ಮಾತ್ರ ದಿನದ್ದೇ. ಹಾಗಾದರೆ 8 ಗಂಟೆಗೆ ಅದು ಎಲ್ಲಿರುತ್ತದೆ? ದಿನಾ 7ಕ್ಕೆ ಎಲ್ಲಿರುತ್ತಿತ್ತೋ ಅಲ್ಲಿ, ಅಲ್ವಾ? ಅಂದರೆ ಎಫ್(8 − 1). ದಿನದ ಬಸ್ಸಿನ ಲೆಕ್ಕದಲ್ಲಿ ಹುಡುಕಬೇಕಾದರೆ ಗಡಿಯಾರದಿಂದ 1 ಗಂಟೆ ಕಳೆಯಲೇಬೇಕು. ಆ ಮೈನಸ್ ಬಂದದ್ದು ಅಲ್ಲಿಂದ. ಕಮಲಾಪುರ 1 ಗಂಟೆ ತಡ, ಹುಮನಾಬಾದೂ 1 ಗಂಟೆ ತಡ. ಗ್ರಾಫಿನಲ್ಲಿ ತಡ ಅಂದರೆ ಬಲಕ್ಕೆ.

ಒಳಗೆ ಮಾಡಿದ ಬದಲಾವಣೆ ಗಡಿಯಾರಕ್ಕೆ, ಹೊರಗೆ ಮಾಡಿದ್ದು ದೂರಕ್ಕೆ. 5 ಕಿ.ಮೀ. ಹಿಂದಿನ ಊರಿನಿಂದ ದೂರ ಅಳೆದರೆ ಎಫ್(ಟಿ) + 5, ಇಡೀ ಗ್ರಾಫ್ ಮೇಲಕ್ಕೆ. ಕನ್ನಡಿಯ ಲೆಕ್ಕವೂ ಹೀಗೇ: −ಎಫ್(ಎಕ್ಸ್) ಗ್ರಾಫನ್ನು ತಲೆಕೆಳಗು ಮಾಡುತ್ತದೆ, ಎಫ್(−ಎಕ್ಸ್) ಎಡಬಲ ಅದಲುಬದಲು ಮಾಡುತ್ತದೆ.

ಮಾರ್ಕ್ಸ್ ಜಾಸ್ತಿ ಹೋಗುವುದು ಎಫ್(2ಎಕ್ಸ್ − 6) ಥರದ್ದರಲ್ಲಿ. ಒಳಗೆ ಎಕ್ಸ್ ಅನ್ನು 2ರಿಂದ ಗುಣಿಸಿದರೆ ಗ್ರಾಫಿನ ಅಗಲ ಅರ್ಧಕ್ಕೆ ಕುಗ್ಗುತ್ತದೆ. "ಅರ್ಧಕ್ಕೆ ಕುಗ್ಗಿಸಿ, ಆಮೇಲೆ 6 ಬಲಕ್ಕೆ" ಎಂದು ಬರೆದುಬಿಡುತ್ತಾರೆ. ಮೊದಲು 2 ಅನ್ನು ಹೊರಗೆ ತೆಗೆಯಿರಿ: ಎಫ್(2(ಎಕ್ಸ್ − 3)). ಈಗ ವೈ ಅಕ್ಷದ ಕಡೆಗೆ ಅರ್ಧಕ್ಕೆ ಕುಗ್ಗಿಸಿ, ಆಮೇಲೆ 3 ಮಾತ್ರ ಸರಿಸಿ. ಮೊದಲೇ 6 ಸರಿಸಿ ಆಮೇಲೆ ಕುಗ್ಗಿಸಿದರೂ ತಪ್ಪಿಲ್ಲ, ಯಾಕೆಂದರೆ ಕುಗ್ಗಿಸುವಾಗ ಆ 6 ಕೂಡ 3 ಆಗುತ್ತದೆ. ಎರಡನ್ನೂ ಕಲಸಬೇಡಿ, ಅಷ್ಟೇ.

ನಂಬಿಕೆ ಬರದಿದ್ದರೆ ಎಕ್ಸ್ ವರ್ಗದ ಗ್ರಾಫ್ ಬರೆಯಿರಿ. ಅದರ ತಳ ಎಕ್ಸ್ = 0 ಇದ್ದಲ್ಲಿ. ಈಗ (2ಎಕ್ಸ್ − 6) ಇಡೀ ಬ್ರಾಕೆಟ್‌ನ ವರ್ಗದ ಗ್ರಾಫ್ ಬರೆಯಿರಿ. ಎಕ್ಸ್‌ಗೆ ಯಾವ ಬೆಲೆ ಕೊಟ್ಟರೆ ಬ್ರಾಕೆಟ್ ಸೊನ್ನೆಯಾಗುತ್ತದೆ? 3. ತಳ ಕೂತಿರುವುದೂ ಅಲ್ಲೇ.