ಪದವಿ ತರಗತಿಯಲ್ಲಿ ಅರ್ಥಶಾಸ್ತ್ರದ ಸಂಶೋಧನೆ: ಒಬ್ಬ ಅಧ್ಯಾಪಕರಿಗೆ ಉತ್ತರ

ಮಾನ್ಯರೆ,

ನಿಮ್ಮ ಪತ್ರವನ್ನು ನಮ್ಮ ಪತ್ರಿಕೆಯ ಬಳಗದವರೆಲ್ಲರೂ ಓದಿದೆವು. ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ನೀವು, ಅಂತಿಮ ವರ್ಷದ ಬಿ.ಎ. ತರಗತಿಯ ಅರವತ್ತು ವಿದ್ಯಾರ್ಥಿಗಳಿಗೆ ಒಬ್ಬರೇ ಮಾರ್ಗದರ್ಶಕರಾಗಿದ್ದೀರಿ. ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ಬರುವ ವರದಿಗಳಲ್ಲಿ ಹೆಚ್ಚಿನವು ಹಿಂದಿನ ವರ್ಷದ ವರದಿಯಲ್ಲಿ ಊರಿನ ಹೆಸರು ಬದಲಿಸಿ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿದಂಥವು. ಹೀಗಿರುವಾಗ ಸಂಶೋಧನೆಯನ್ನು ಎಂ.ಎ.ಗೆ ಬಿಟ್ಟು, ಪದವಿ ಹಂತದಲ್ಲಿ ಸಿದ್ಧಾಂತವನ್ನು ಗಟ್ಟಿಯಾಗಿ ಕಲಿಸುವುದೇ ಒಳಿತಲ್ಲವೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಮಾಡಿಸಲೇಬೇಕೆಂದಾದರೆ ಅದನ್ನು ಯಾವ ಭಾಷೆಯಲ್ಲಿ ಬರೆಸುವುದು, ಓದುವವರು ಯಾರು ಎಂಬುದು ಎರಡನೆಯದು.

ನೀವು ವಿವರಿಸಿದ ಸ್ಥಿತಿ ನಿಜ. ಆದರೆ ನಿಮ್ಮ ತೀರ್ಮಾನವನ್ನು ಒಪ್ಪಲಾರೆ. ಇಲ್ಲಿ ಸೋತಿರುವುದು ಸಂಶೋಧನೆಯಲ್ಲ, ಪಿಎಚ್.ಡಿ. ಪ್ರಬಂಧವನ್ನು ಕುಗ್ಗಿಸಿ ತಯಾರಿಸಿದ ಐದು ಅಧ್ಯಾಯಗಳ ಆ ಚೌಕಟ್ಟು. ಪೀಠಿಕೆ, ಸಾಹಿತ್ಯ ಸಮೀಕ್ಷೆ, ಅಧ್ಯಯನ ಪ್ರದೇಶದ ಪರಿಚಯ, ವಿಶ್ಲೇಷಣೆ, ಕೊನೆಗೆ ಸರ್ಕಾರಕ್ಕೆ ಹತ್ತು ಸಲಹೆಗಳು. ವಿಷಯವೂ ಅಷ್ಟೇ ದೊಡ್ಡದು: ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ, ಸ್ವಸಹಾಯ ಸಂಘಗಳು ಮತ್ತು ಗ್ರಾಮೀಣ ಅಭಿವೃದ್ಧಿ. ಇವಕ್ಕೆ ಒಂದು ಸೆಮಿಸ್ಟರ್‌ನಲ್ಲಿ, ಕೈಯಲ್ಲಿ ಹಣವಿಲ್ಲದೆ, ಇಪ್ಪತ್ತು ವರ್ಷದ ವಿದ್ಯಾರ್ಥಿಯಿರಲಿ ನುರಿತ ಸಂಶೋಧಕರೂ ಉತ್ತರ ಕಂಡುಕೊಳ್ಳಲಾರರು. ಉತ್ತರಿಸಲಾಗದ ಪ್ರಶ್ನೆಯನ್ನು ಕೈಗಿಟ್ಟ ಮೇಲೆ ವಿದ್ಯಾರ್ಥಿಗೆ ಉಳಿಯುವ ದಾರಿ ನಕಲೊಂದೇ. ಆದ್ದರಿಂದ ಮೊದಲು ಕಲಿಸಬೇಕಾದದ್ದು ಪ್ರಶ್ನೆಯನ್ನು ಉತ್ತರಕ್ಕೆ ಎಟುಕುವಷ್ಟು ಚಿಕ್ಕದು ಮಾಡುವ ಕೆಲಸ, ಹೆಚ್ಚಿನ ಅಂಕಗಳು ಸಲ್ಲಬೇಕಾದದ್ದೂ ಅದಕ್ಕೇ.

ಕಾಲೇಜು ವಿದ್ಯಾರ್ಥಿಗಳಿಂದ ಗಂಭೀರ ಅಧ್ಯಯನ ಸಾಧ್ಯವೇ ಎಂಬ ಅನುಮಾನಕ್ಕೆ ನಮ್ಮ ನೆರೆಯಲ್ಲೇ ನೂರು ವರ್ಷ ಹಳೆಯ ಉತ್ತರವಿದೆ. 1915ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್, ವಿದ್ಯಾರ್ಥಿಗಳ ಕೈಗೆ ಒಂದು ಪ್ರಶ್ನಾವಳಿ ಕೊಟ್ಟು, ಅವರವರ ಊರುಗಳ ಭೂಮಿ, ಬೆಳೆ, ಕೂಲಿ, ಸಾಲ, ಕಸುಬುಗಳ ವಿವರವನ್ನು ಬರೆದು ತರಲು ಹೇಳಿದರು. ಆ ವರದಿಗಳು 1918ರಲ್ಲಿ ಪುಸ್ತಕವಾಗಿ ಪ್ರಕಟವಾದವು. ಅದೇ ಹಳ್ಳಿಗಳಿಗೆ ಬೇರೆ ವಿದ್ವಾಂಸರು 1936-37ರಲ್ಲಿ, ಮತ್ತೆ 1961ರಲ್ಲಿ ಹೋದರು. ದಕ್ಷಿಣ ಆರ್ಕಾಟಿನ ಇರುವೇಲ್‌ಪಟ್ಟು ಗ್ರಾಮದ ಮರುಅಧ್ಯಯನವಂತೂ 2008ರವರೆಗೂ ನಡೆದಿದೆ. ಒಂದು ಹಳ್ಳಿಯ ಅರ್ಥವ್ಯವಸ್ಥೆ ಶತಮಾನದುದ್ದಕ್ಕೂ ಹೇಗೆ ಬದಲಾಯಿತೆಂದು ಇಂದು ಹೇಳಲು ಸಾಧ್ಯವಾಗಿರುವುದು, ಅಂದಿನ ವಿದ್ಯಾರ್ಥಿಗಳು ಕಂಡದ್ದನ್ನು ಕಂಡಂತೆ ಬರೆದಿಟ್ಟದ್ದರಿಂದ. ಅವರ ಬಳಿ ಸಂಖ್ಯಾಶಾಸ್ತ್ರದ ಉಪಕರಣಗಳು ಹೆಚ್ಚೇನೂ ಇರಲಿಲ್ಲ, ಊರಿನ ಪರಿಚಯ ಮತ್ತು ಎಲ್ಲರಿಗೂ ಸಮಾನವಾದ ಒಂದು ಪ್ರಶ್ನಾವಳಿ ಇದ್ದವು.

ಅರವತ್ತು ಜನಕ್ಕೆ ಒಬ್ಬರೇ ಅಧ್ಯಾಪಕರೆಂಬ ನಿಮ್ಮ ಕಷ್ಟಕ್ಕೂ ಪರಿಹಾರ ಆ ಸಮಾನ ಪ್ರಶ್ನಾವಳಿಯಲ್ಲೇ ಇದೆ. ಅರವತ್ತು ವಿಷಯಗಳನ್ನು ಹಂಚುವ ಬದಲು ಇಡೀ ತರಗತಿಗೆ ಒಂದೇ ಪ್ರಶ್ನೆ ಇರಲಿ. ಒಬ್ಬೊಬ್ಬರು ಐದು ಮನೆಗಳಿಗೆ ಹೋದರೆ ಮುನ್ನೂರು ಮನೆಗಳ ಮಾಹಿತಿ ಒಂದೆಡೆ ಸೇರುತ್ತದೆ. ಅದರಿಂದ ತನಗೆ ಬೇಕಾದ ಒಂದು ಉಪಪ್ರಶ್ನೆಯನ್ನು ಆರಿಸಿಕೊಂಡು ಪ್ರತಿಯೊಬ್ಬ ವಿದ್ಯಾರ್ಥಿಯೂ ಸ್ವತಂತ್ರವಾಗಿ ಬರೆಯಬಹುದು. ನೀವು ತಿದ್ದಬೇಕಾದ ಪ್ರಶ್ನಾವಳಿ ಆಗ ಒಂದೇ.

ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳೋಣ. ಸಬಲೀಕರಣದ ಮಾತನ್ನು ಬದಿಗಿಟ್ಟು, ಟಿಕೆಟ್ ಉಚಿತವಾದ ಮೇಲೆ ನಮ್ಮ ಊರಿನ ಹೆಂಗಸರು ಮೊದಲಿಗಿಂತ ದೂರದ ಜಾಗಕ್ಕೆ ಕೂಲಿಗೆ ಹೋಗುತ್ತಿದ್ದಾರೆಯೇ ಎಂದು ಕೇಳಬಹುದು. 2023ರ ಜೂನ್ 11ರಿಂದ ಜಾರಿಗೆ ಬಂದ ಈ ಸೌಲಭ್ಯ ಅದೇ ಮನೆಯ ಗಂಡಸರಿಗಿಲ್ಲ, ಆದ್ದರಿಂದ ಹೋಲಿಕೆಗೆ ಆಧಾರ ಮನೆಯೊಳಗೇ ಇದೆ. ಇಬ್ಬರೂ ದೂರ ಹೋಗತೊಡಗಿದ್ದರೆ ಕಾರಣ ಬೇರೆಯೂ ಇರಬಹುದು: ಹೊಸ ಕಾರ್ಖಾನೆ, ಬರಗಾಲ, ಏರಿದ ಕೂಲಿ. ಸಿದ್ಧಾಂತ ಬೇಕೆಂಬ ನಿಮ್ಮ ಕಳಕಳಿಗೂ ಇಲ್ಲಿ ಜಾಗವಿದೆ. ಟಿಕೆಟ್ಟಿನ ಬೆಲೆ ಸೊನ್ನೆಯಾದರೂ ಪ್ರಯಾಣದ ಸಮಯಕ್ಕೆ ಬೆಲೆಯಿದ್ದೇ ಇರುತ್ತದೆ. ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಯ ತಾಯಿಗೆ ಉಚಿತ ಟಿಕೆಟ್ ಯಾಕೆ ಹೆಚ್ಚು ಉಪಯೋಗವಾಗಿಲ್ಲ ಎಂದು ಅವಳೆದುರು ಕೂತು ಕೇಳಿ ತಿಳಿದ ವಿದ್ಯಾರ್ಥಿಗೆ, ಅವಕಾಶ ವೆಚ್ಚವೆಂಬ (ಒಂದನ್ನು ಪಡೆಯಲು ಬಿಟ್ಟುಕೊಡಬೇಕಾದ ಇನ್ನೊಂದರ ಬೆಲೆಯ) ಪಾಠವನ್ನು ಕಂಠಪಾಠ ಮಾಡಿಸಬೇಕಾಗುವುದಿಲ್ಲ.

ಹೋಲಿಕೆಯ ಬಲವನ್ನು ತೋರಿಸಲು ಮಂಡ್ಯದ ಉದಾಹರಣೆ ನಿಮಗೆ ನೆರವಾಗಬಹುದು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಆ ಭಾಗದ ಎರಡು ಹಳ್ಳಿಗಳನ್ನು, ವಂಗಾಲ ಮತ್ತು ದಲೇನ ಎಂಬ ಬದಲಿ ಹೆಸರುಗಳನ್ನಿಟ್ಟು, ಅಧ್ಯಯನ ಮಾಡಿದರು. ಒಂದಕ್ಕೆ ಕೃಷ್ಣರಾಜಸಾಗರದ ನಾಲೆಯ ನೀರು ಬಂತು, ಇನ್ನೊಂದರ ಜಮೀನು ಎತ್ತರದಲ್ಲಿದ್ದುದರಿಂದ ಬರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು ಶ್ರೀಮಂತವಾಯಿತಾದರೂ ಅಲ್ಲಿನ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರು ಬಾರದ ಊರಿನವರು ವ್ಯಾಪಾರ, ನೌಕರಿ ಎಂದು ಸುತ್ತಲಿನ ಊರುಗಳತ್ತ, ಮಂಡ್ಯ ಪೇಟೆಯತ್ತ ಹೊರಟರು, ಬದಲಾವಣೆ ಅಲ್ಲೇ ಆಳವಾಗಿ ನಡೆಯಿತು. ಒಂದೇ ಹಳ್ಳಿಯನ್ನು ನೋಡಿದ್ದರೆ ಈ ಸಂಗತಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮನೆ ಆಯ್ಕೆಯ ವಿಚಾರದಲ್ಲಿ ದಯವಿಟ್ಟು ಕಟ್ಟುನಿಟ್ಟಾಗಿರಿ. ವಾಟ್ಸ್ಆಪ್‌ನಲ್ಲಿ ಗೂಗಲ್ ಫಾರ್ಮ್ ಹಂಚಿದರೆ ಉತ್ತರ ಬರುವುದು ಗೆಳೆಯರಿಂದ. ಮನೆಗಳ ಪಟ್ಟಿ ಮಾಡಿ, ಇಂತಿಷ್ಟು ಮನೆಗೊಂದರಂತೆ ಆರಿಸಲಿ. ಬೀಗ ಹಾಕಿದ ಮನೆ ಸಿಕ್ಕರೆ ಪಕ್ಕದ ಮನೆಗೆ ಹೋಗದೆ ಸಂಜೆ ಮತ್ತೆ ಅಲ್ಲಿಗೇ ಬರಲಿ. ನಮ್ಮ ಉದಾಹರಣೆಯಲ್ಲಿ ಹಗಲು ಬೀಗ ಬಿದ್ದ ಮನೆಯೆಂದರೆ ದೂರದ ಕೂಲಿಗೆ ಹೋದ ಹೆಂಗಸಿನ ಮನೆ ಆಗಿರುವ ಸಂಭವವೇ ಹೆಚ್ಚು. ಅವಳನ್ನು ಬಿಟ್ಟು ಮನೆಯಲ್ಲಿದ್ದವರನ್ನಷ್ಟೇ ಕೇಳಿದರೆ, ಯೋಜನೆಯಿಂದ ಏನೂ ಬದಲಾಗಿಲ್ಲವೆಂಬ ಸುಳ್ಳು ಉತ್ತರ ಅತ್ಯಂತ ಪ್ರಾಮಾಣಿಕವಾಗಿ ಸಿದ್ಧವಾಗುತ್ತದೆ.

ಪ್ರಶ್ನೆ ಕೇಳುವ ರೀತಿಯಿಂದಲೇ ಉತ್ತರ ಬದಲಾಗುತ್ತದೆ ಎಂಬುದನ್ನು ದೇಶ ದೊಡ್ಡ ಪ್ರಮಾಣದಲ್ಲಿ ಕಂಡಿದೆ. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಆಹಾರದ ಖರ್ಚನ್ನು ಕಳೆದ ಏಳು ದಿನಕ್ಕೂ ಕಳೆದ ಮೂವತ್ತು ದಿನಕ್ಕೂ ಒಂದೇ ಮನೆಯವರಲ್ಲಿ ಕೇಳಲಾಯಿತು. ಒಂದು ಉತ್ತರ ಇನ್ನೊಂದರ ಮೇಲೆ ಪ್ರಭಾವ ಬೀರಿತೆಂಬ ಬಲವಾದ ಆಕ್ಷೇಪ ಎದ್ದಿತು. 1993-94ರಲ್ಲಿ ಶೇ 36ರಷ್ಟಿದ್ದ ಬಡತನ ಶೇ 26ಕ್ಕೆ ಇಳಿಯಿತೆಂಬ ಲೆಕ್ಕವನ್ನು ನಂಬಬಹುದೇ ಎಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಚರ್ಚಿಸಿದರು. ನಿಮ್ಮ ವಿದ್ಯಾರ್ಥಿಗಳು ಇದನ್ನು ತಮ್ಮ ಮನೆಗಳಲ್ಲೇ ಪರೀಕ್ಷಿಸಬಹುದು: ಅರ್ಧ ತರಗತಿ ವಾರದ ಖರ್ಚನ್ನೂ ಉಳಿದರ್ಧ ತಿಂಗಳ ಖರ್ಚನ್ನೂ ಕೇಳಿಬಂದು ಲೆಕ್ಕ ಹೋಲಿಸಿದರೆ ಸಾಕು.

ಕ್ಷೇತ್ರಕಾರ್ಯಕ್ಕೆ ಮೊದಲು, ಬೇರೆಯವರು ಮಾಡಿ ಮುಗಿಸಿದ ಒಂದು ಲೆಕ್ಕವನ್ನು ಮತ್ತೆ ಮಾಡಿಸಿ ನೋಡಿ. ಸರ್ಕಾರಿ ಸಾಲ ಒಟ್ಟು ದೇಶೀಯ ಉತ್ಪನ್ನದ ಶೇ 90 ಮೀರಿದ ದೇಶಗಳ ಬೆಳವಣಿಗೆ ಸರಾಸರಿ ಶೇ -0.1ಕ್ಕೆ ಕುಸಿಯುತ್ತದೆಂದು 2010ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಬರೆದಿದ್ದರು. ಸರ್ಕಾರಗಳು ಖರ್ಚು ಕಡಿತಗೊಳಿಸಬೇಕೆಂದು ವಾದಿಸುವವರಿಗೆ ಅದೊಂದು ದೊಡ್ಡ ಆಧಾರವಾಗಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಆವರಣದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ, ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕವನ್ನು ಮಾಡಹೊರಟಾಗ, ಎಕ್ಸೆಲ್ ಹಾಳೆಯಲ್ಲಿ ಐದು ದೇಶಗಳ ಸಾಲುಗಳೇ ಸರಾಸರಿಯಿಂದ ಬಿಟ್ಟುಹೋಗಿದ್ದುದು ಕಂಡಿತು. ಆ ತಪ್ಪನ್ನೂ ಇತರ ಲೋಪಗಳನ್ನೂ ಸರಿಪಡಿಸಿದಾಗ ಸರಾಸರಿ ಶೇ 2.2 ಆಯಿತು. ಅವರು ಸ್ನಾತಕೋತ್ತರ ಹಂತದವರು, ನಿಜ, ಆದರೆ ಅಲ್ಲಿ ಬೇಕಾದ ಗಣಿತ ಸರಾಸರಿಯದ್ದು ಮಾತ್ರ. ನಮ್ಮಲ್ಲೂ ಗೃಹಬಳಕೆ ವೆಚ್ಚದ ಮತ್ತು ಕಾರ್ಮಿಕ ಬಲದ ಸಮೀಕ್ಷೆಗಳ ಮನೆವಾರು ದತ್ತಾಂಶ ಕೇಂದ್ರ ಸಾಂಖ್ಯಿಕ ಸಚಿವಾಲಯದಿಂದ ಉಚಿತವಾಗಿ ದೊರೆಯುತ್ತದೆ. ವರದಿಯ ಒಂದೇ ಒಂದು ಕೋಷ್ಟಕವನ್ನು ಅದರಿಂದ ಮತ್ತೆ ಕಟ್ಟುವುದು ತಿಂಗಳ ಕೆಲಸಕ್ಕೆ ಸಾಲುತ್ತದೆ.

ಬರವಣಿಗೆಯನ್ನು ಕೊನೆಯ ವಾರಕ್ಕೆ ಬಿಡಬಾರದು. ಮೊದಲ ವಾರವೇ ಪ್ರಶ್ನೆಯನ್ನೂ, ಬರಬಹುದೆಂದು ತೋರುವ ಉತ್ತರವನ್ನೂ, ಯಾವ ಮಾಹಿತಿ ಸಿಕ್ಕರೆ ಆ ಊಹೆಯನ್ನು ಕೈಬಿಡುವೆನೆಂಬುದನ್ನೂ ಒಂದು ಪುಟದಲ್ಲಿ ಬರೆದು ಕೊಡಲಿ. ಸಂಖ್ಯೆ ಬಳಸಿದಲ್ಲೆಲ್ಲ ಅದು ಏನನ್ನು ಒಳಗೊಂಡಿದೆಯೆಂದು ಪೂರ್ಣ ವಾಕ್ಯದಲ್ಲಿ ಹೇಳಲಿ. 2022-23ರಲ್ಲಿ ಗ್ರಾಮೀಣ ಭಾರತದ ತಲಾ ಮಾಸಿಕ ವೆಚ್ಚ 3,773 ರೂಪಾಯಿ ಎಂದು ಬರೆದರೆ, ಉಚಿತವಾಗಿ ದೊರೆತ ಪದಾರ್ಥಗಳ ಮೌಲ್ಯ ಅದರಲ್ಲಿ ಸೇರಿಲ್ಲವೆಂದೂ ಸೇರಿಸಿದರೆ 3,860 ಆಗುತ್ತದೆಂದೂ ಬರೆಯಬೇಕು. ಅನ್ನಭಾಗ್ಯದ ನಾಡಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಸರ್ಕಾರಕ್ಕೆ ಸಲಹೆಗಳ ಅಧ್ಯಾಯವನ್ನು ಮಾತ್ರ ಪೂರ್ತಿ ತೆಗೆದುಹಾಕಿ. ಆ ಜಾಗದಲ್ಲಿ, ಈ ಮುನ್ನೂರು ಮನೆಗಳಿಂದ ಯಾವುದನ್ನು ಹೇಳಲು ಸಾಧ್ಯವಿಲ್ಲ ಎಂಬುದನ್ನು ಬರೆಯಲಿ. ಇಡೀ ವರದಿ ಹನ್ನೆರಡು ಪುಟ ಮೀರಬೇಕಿಲ್ಲ.

2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯನ್ನು ರಾಜ್ಯ 2024-25ರಿಂದ ಕೈಬಿಟ್ಟಿರುವುದರಿಂದ, ಇವೆಲ್ಲವೂ ಮೂರೇ ವರ್ಷಗಳಲ್ಲಿ ಆಗಬೇಕು. ಆದ್ದರಿಂದ ಎರಡನೆಯ ವರ್ಷದಲ್ಲೇ ಲೆಕ್ಕ ಮರುಮಾಡುವ ಅಭ್ಯಾಸ, ಮೂರನೆಯ ವರ್ಷದಲ್ಲಿ ಕ್ಷೇತ್ರಕಾರ್ಯ ಎಂಬ ಕ್ರಮ ಸೂಕ್ತವೆಂದು ತೋರುತ್ತದೆ.

ಭಾಷೆಯ ಬಗ್ಗೆ ನನಗೆ ಸಂದೇಹವಿಲ್ಲ. ಪ್ರಶ್ನೆ ಕೇಳಿದ್ದು, ಉತ್ತರ ಪಡೆದದ್ದು, ಟಿಪ್ಪಣಿ ಮಾಡಿಕೊಂಡದ್ದು ಕನ್ನಡದಲ್ಲಾದರೆ ವರದಿಯೂ ಕನ್ನಡದಲ್ಲೇ ಇರಲಿ. ಇಂಗ್ಲಿಷಿನಲ್ಲಿ ಓದುವುದು ಅಗತ್ಯ, ಕಲಿಯಲಿ. ಆದರೆ ಇನ್ನೂ ವಶವಾಗದ ಭಾಷೆಯಲ್ಲಿ ಬರೆಯಲು ಒತ್ತಾಯಿಸಿದಾಗ ವಿದ್ಯಾರ್ಥಿಗಳು ಬೇರೆಯವರ ವಾಕ್ಯಗಳನ್ನು ಎತ್ತಿಕೊಳ್ಳುತ್ತಾರೆ. ನೀವು ಹೇಳಿದ ನಕಲಿಗೆ ಇದೂ ಒಂದು ಕಾರಣ. ಮೊದಲ ಓದುಗರು ಉತ್ತರ ಕೊಟ್ಟ ಮನೆಯವರೇ ಆಗಲಿ. ಗ್ರಾಮ ಪಂಚಾಯಿತಿಯಲ್ಲಿ ಹತ್ತು ನಿಮಿಷ ಕೇಳಿಕೊಂಡು, ಯಾರ ಮನೆಯ ಗುರುತೂ ಬಯಲಾಗದಂತೆ, ಕಂಡದ್ದನ್ನು ವಿದ್ಯಾರ್ಥಿಗಳು ಅವರ ಮುಂದೆ ಹೇಳಲಿ. ಅಲ್ಲಿ ಯಾರಾದರೂ ಎದ್ದು ನಿಮ್ಮ ಲೆಕ್ಕ ತಪ್ಪೆಂದರೆ ಅದನ್ನೂ ಬರೆದುಕೊಂಡು ಬರಲಿ.

ನಿಮ್ಮ ತರಗತಿ ಹೀಗೊಂದು ಅಧ್ಯಯನ ಮಾಡಿದರೆ ಅದರ ಸಾರಾಂಶವನ್ನು ಪ್ರಕಟಿಸಲು ಪತ್ರಿಕೆ ಸಿದ್ಧವಿದೆ. ಪ್ರಶ್ನಾವಳಿಯ ಪ್ರತಿ, ಮನೆಗಳನ್ನು ಆರಿಸಿದ ವಿಧಾನ, ಮತ್ತು ಹೆಸರುಗಳನ್ನು ತೆಗೆದ ಮೂಲ ಕೋಷ್ಟಕ ಮೂರನ್ನೂ ಜೊತೆಗೆ ಕಳುಹಿಸಿ. ಬೇರೆ ಕಾಲೇಜಿನವರು ಕೇಳಿದರೆ ಅವನ್ನು ಕೊಡಲು ನಿಮ್ಮ ಮತ್ತು ವಿದ್ಯಾರ್ಥಿಗಳ ಲಿಖಿತ ಒಪ್ಪಿಗೆಯೂ ಬೇಕಾಗುತ್ತದೆ.

— ಸಂಪಾದಕ