ಕಡಲ್ಕೊರೆತಕ್ಕೆ ಹಾಕಿದ ಕಲ್ಲು ಒಂದೇ ಮಳೆಗಾಲಕ್ಕೆ ಕುಸಿಯುವುದೇಕೆ? ಟೆಟ್ರಾಪಾಡ್ ಹಾಕಿದರೆ ನಿಲ್ಲುತ್ತದೆಯೇ?

ನೀವು ಕೇಳಿದ್ದು ಇಷ್ಟು: ಬೇಸಿಗೆಯಲ್ಲಿ ಲಾರಿಗಟ್ಟಲೆ ಕಲ್ಲು ತಂದು ಸುರಿದರು, ಜುಲೈ ಮುಗಿಯುವಷ್ಟರಲ್ಲಿ ಅರ್ಧ ಗೋಡೆ ಮರಳಿನಲ್ಲಿ ಹೂತುಹೋಯಿತು, ಗೋಡೆ ಮುಗಿಯುವಲ್ಲಿ ಈಗ ತೆಂಗಿನಮರಗಳು ಉರುಳುತ್ತಿವೆ. ಊರವರು ಇನ್ನಷ್ಟು ಕಲ್ಲು ಕೇಳಬೇಕೋ, ಟೆಟ್ರಾಪಾಡ್ (ನಾಲ್ಕು ಕಾಲಿನ ಕಾಂಕ್ರೀಟ್ ಘಟಕ) ಕೇಳಬೇಕೋ?

ಎರಡಕ್ಕೂ ಮೊದಲು ಗೋಡೆಯ ಬುಡದ ವಿಷಯ ಇತ್ಯರ್ಥವಾಗಬೇಕು. ಮರಳಿನ ಮೇಲೆ ನಿಂತ ಕಲ್ಲಿನ ಗೋಡೆ ಸಾಮಾನ್ಯವಾಗಿ ಮೇಲಿನಿಂದ ಒಡೆಯುವುದಿಲ್ಲ, ಕೆಳಗಿನಿಂದ ಜಾರುತ್ತದೆ. ಮಳೆಗಾಲದ ಕಡಿದಾದ ಅಲೆಗಳು ದಂಡೆಯ ಮರಳನ್ನು ಆಳಕ್ಕೆ ಎಳೆದೊಯ್ಯುತ್ತವೆ. ಅಕ್ಟೋಬರ್ ಕಳೆದ ಮೇಲೆ ಬರುವ ಉದ್ದನೆಯ ಮೆಲು ಅಲೆಗಳು ಅದನ್ನು ನಿಧಾನವಾಗಿ ವಾಪಸು ತರುತ್ತವೆ. ಆದ್ದರಿಂದ ಮಾರ್ಚ್‌ನಲ್ಲಿ ಕಾಣುವ ದಂಡೆಯ ಮಟ್ಟವನ್ನು ನಂಬಿ ಕಲ್ಲು ಇಟ್ಟರೆ, ಜುಲೈಯಲ್ಲಿ ಆ ಕಲ್ಲಿನಡಿ ನೆಲವೇ ಇರುವುದಿಲ್ಲ. ಸಾಲದ್ದಕ್ಕೆ, ಗೋಡೆಗೆ ಬಡಿದು ಹಿಂದಿರುಗುವ ನೀರು ಬುಡವನ್ನು ಇನ್ನಷ್ಟು ತೋಡುತ್ತದೆ. ಎದುರಿಗೆ ಬರುವ ಅಲೆ ಎಷ್ಟು ಎತ್ತರವೋ ಸುಮಾರು ಅಷ್ಟೇ ಆಳ ತೋಡಬಹುದು ಎಂಬುದು ವಿನ್ಯಾಸದಲ್ಲಿ ಬಳಸುವ ಅಂದಾಜು.

ಬುಡ ಒಂದು ಮೀಟರ್ ತೋಡಿಹೋದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ತೀರದ ಹತ್ತಿರ ಅಲೆಯ ಎತ್ತರಕ್ಕೆ ಮಿತಿ ಹಾಕುವುದು ನೀರಿನ ಆಳ. ಆಳದ ಸುಮಾರು 0.78 ಪಾಲನ್ನು ಮೀರಿದ ಅಲೆ ಅಲ್ಲಿಗೆ ಬರುವ ಮೊದಲೇ ಮುರಿದುಬಿಡುತ್ತದೆ. ಬುಡದಲ್ಲಿ 2.5 ಮೀಟರ್ ನೀರಿದ್ದರೆ ಗೋಡೆಗೆ ಬಡಿಯುವ ದೊಡ್ಡ ಅಲೆ 1.95 ಮೀಟರ್. ಇನ್ನು ಕಲ್ಲಿನ ತೂಕಕ್ಕೆ ಎಲ್ಲರೂ ಮೊದಲು ಹಿಡಿಯುವುದು ಹಡ್ಸನ್ ಸೂತ್ರವನ್ನು. ಅದರ ಪ್ರಕಾರ ಬೇಕಾದ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಘನ ಮೀಟರಿಗೆ 2.65 ಟನ್ ತೂಗುವ ಗ್ರಾನೈಟ್, 1:2 ಇಳಿಜಾರು (ಒಂದು ಮೀಟರ್ ಏರಲು ಎರಡು ಮೀಟರ್ ಅಡ್ಡ), ಮುರಿಯುವ ಅಲೆ, ಒರಟು ಕಲ್ಲಿನ ಎರಡು ಪದರ (ಕಲ್ಲುಗಳು ಒಂದಕ್ಕೊಂದು ಎಷ್ಟು ಹಿಡಿದು ನಿಲ್ಲುತ್ತವೆ ಎಂಬುದರ ಅಳತೆಯಾದ ಸ್ಥಿರತೆಯ ಗುಣಾಂಕ 2) ಎಂದಿಟ್ಟುಕೊಂಡರೆ 1.95 ಮೀಟರ್ ಅಲೆಗೆ ಸುಮಾರು 1.2 ಟನ್ನಿನ ಕಲ್ಲು ಸಾಕು. ಬುಡ ಒಂದು ಮೀಟರ್ ತೋಡಿಹೋದರೆ ಆಳ 3.5 ಮೀಟರ್, ಅಲೆ 2.73 ಮೀಟರ್, ಬೇಕಾದ ಕಲ್ಲು ಸುಮಾರು 3.4 ಟನ್. ಒಂದು ಮೀಟರ್ ಮರಳು ಹೋದದ್ದಕ್ಕೆ ಕಲ್ಲಿನ ತೂಕ ಹೆಚ್ಚುಕಡಿಮೆ ಮೂರು ಪಟ್ಟಾಯಿತು! ಬೇಸಿಗೆಯಲ್ಲಿ ಸರಿಯಾಗಿಯೇ ಇದ್ದ ಕಲ್ಲು ಜುಲೈಯಲ್ಲಿ ಉರುಳುವುದು ಇದೇ ಕಾರಣಕ್ಕೆ. ಮೇಲಿಂದ ಮತ್ತೆ ಅದೇ ಅಳತೆಯ ಕಲ್ಲು ಸುರಿದರೆ ಅದೂ ಉರುಳುತ್ತದೆ.

ಸರಿಯಾದ ಗೋಡೆಯನ್ನು ಒಳಗಿನಿಂದ ಹೊರಗೆ ಕಟ್ಟುತ್ತಾರೆ. ಮೊದಲು ದಂಡೆಯನ್ನು 1:2 ಅಥವಾ ಅದಕ್ಕಿಂತ ಚಪ್ಪಟೆಯಾಗಿ ಕೆತ್ತಿ, ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮರಳು ತಡೆಯುವ ಗಟ್ಟಿ ಬಟ್ಟೆ) ಹಾಸಬೇಕು. ಪಟ್ಟಿಗಳು ಒಂದರ ಮೇಲೊಂದು ಅರ್ಧದಿಂದ ಒಂದು ಮೀಟರ್ ಹತ್ತಿರಬೇಕು, ನೀರಿನಡಿ ಇನ್ನೂ ಹೆಚ್ಚು. ಈ ಬಟ್ಟೆ ಇಲ್ಲದಿದ್ದರೆ ಪ್ರತಿ ಅಲೆ ಹಿಂದೆಗೆಯುವಾಗ ಕಲ್ಲುಗಳ ಸಂದಿಯಿಂದ ಮರಳು ಹೊರಗೆ ಸೋರುತ್ತದೆ. ಮೇಲೆ ಗೋಡೆ ನೆಟ್ಟಗಿದ್ದಂತೆ ಕಂಡರೂ ಹಿಂದಿನ ನೆಲದಲ್ಲಿ ಗುಂಡಿ ಬೀಳುತ್ತಿದ್ದರೆ ಬಟ್ಟೆ ಹರಿದಿದೆ ಅಥವಾ ಹಾಸಿಯೇ ಇಲ್ಲ ಎಂದು ತಿಳಿಯಬೇಕು. ಬಟ್ಟೆಯ ಮೇಲೆ ನೇರವಾಗಿ ದೊಡ್ಡ ಬಂಡೆ ಬೀಳಿಸುವುದು ಅದನ್ನು ಹರಿಯುವ ಸುಲಭ ದಾರಿ. ಮೊದಲು ಸಣ್ಣ ಕಲ್ಲಿನ ಹಾಸು, ಅದರ ಮೇಲೆ ಹೊರಗಲ್ಲಿನ (ಹೊರಪದರದ ದೊಡ್ಡ ಕಲ್ಲಿನ) ಹತ್ತನೇ ಒಂದರಿಂದ ಹದಿನೈದನೇ ಒಂದು ಪಾಲು ತೂಗುವ ಕಲ್ಲಿನ ನಡುಪದರ, ಆಮೇಲೆ ಹೊರಪದರ. 1.2 ಟನ್ ಲೆಕ್ಕವಾದರೆ ನಡುಪದರಕ್ಕೆ 80ರಿಂದ 120 ಕಿಲೋ ಕಲ್ಲು, ಹೊರಪದರದ ಎರಡು ಸಾಲಿಗೆ ಸುಮಾರು 1.5 ಮೀಟರ್ ದಪ್ಪ. ಹೊರಗಲ್ಲುಗಳನ್ನು ಎಸೆಯಬಾರದು, ಒಂದೊಂದಾಗಿ ಎತ್ತಿ, ಪ್ರತಿ ಕಲ್ಲು ಕನಿಷ್ಠ ಮೂರು ಕಡೆ ಬೇರೆ ಕಲ್ಲಿಗೆ ಒರಗುವಂತೆ ಇಡಬೇಕು.

ಈ ಪದರಗಳೆಲ್ಲ ಬುಡದಲ್ಲಿ ಒಂದು ಕಂದಕದೊಳಗೆ ಕೊನೆಯಾಗಬೇಕು. ಕಂದಕದ ತಳ ಮಳೆಗಾಲದ ಅತಿ ಕೆಳಗಿನ ದಂಡೆಮಟ್ಟಕ್ಕಿಂತ ಕೆಳಗಿರಬೇಕು. ಒರತೆ ನೀರಿನಿಂದಾಗಿ ಅಷ್ಟು ತೋಡಲಾಗದಿದ್ದರೆ, ಬುಡದ ಮುಂದೆ ಮೂರ್ನಾಲ್ಕು ಹೊರಗಲ್ಲುಗಳಷ್ಟು ಅಗಲದ ಹೆಚ್ಚುವರಿ ಕಲ್ಲಿನ ಹಾಸು ಇಡಬೇಕು. ಮರಳು ತೋಡಿಹೋದಾಗ ಈ ಕಲ್ಲುಗಳು ತಾವಾಗಿ ಆ ಗುಂಡಿಗೆ ಇಳಿದು ಗೋಡೆಯ ಕಾಲನ್ನು ಹಿಡಿಯುತ್ತವೆ. ನಿಮ್ಮಲ್ಲಿ ಈಗಾಗಲೇ ಹೂತುಹೋದ ಕಲ್ಲನ್ನು ಅಗೆದು ತೆಗೆಯುವುದು ಬೇಡ. ಅದು ಎಲ್ಲಿ, ಎಷ್ಟು ಆಳದಲ್ಲಿ ಕೂತಿದೆ ಎಂದು ಸರ್ವೆ ಮಾಡಿಸಿದರೆ ಹೊಸ ಬುಡಕ್ಕೆ ಅದೇ ಆಧಾರವಾಗಬಹುದು.

ಕಲ್ಲಿನ ಗುಣಮಟ್ಟವನ್ನು ಊರವರೇ ನೋಡಬಹುದು. ಮುರಕಲ್ಲು ಹಗುರ, ಮೆದು. ಅಲೆಗೆ ಸವೆದುಹೋಗುತ್ತದೆ, ಹೊರಪದರಕ್ಕೆ ಸಲ್ಲದು. ಚಪ್ಪಡಿಯಂಥ ಕಲ್ಲೂ ಬೇಡ: ಉದ್ದ ದಪ್ಪದ ಮೂರು ಪಟ್ಟಿಗಿಂತ ಹೆಚ್ಚಿರಬಾರದು. ತೂಕದ ಅಂದಾಜಿಗೆ ಉದ್ದ, ಅಗಲ, ಎತ್ತರಗಳನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಅದನ್ನು 0.6ರಿಂದಲೂ 2.65ರಿಂದಲೂ ಗುಣಿಸಿ. 1.2, 0.9, 0.8 ಮೀಟರಿನ ಕಲ್ಲು ಸುಮಾರು 1.4 ಟನ್ ಬರುತ್ತದೆ. ಲಾರಿಯಲ್ಲಿ ಬಂದ ಕಲ್ಲಿನಲ್ಲಿ ಅರ್ಧ ಇಬ್ಬರು ಎತ್ತಬಹುದಾದಷ್ಟೇ ಇದ್ದರೆ ಅದು ಹೊರಗಲ್ಲಲ್ಲ. ಆಗಲೇ, ಸುರಿಯುವ ಮೊದಲೇ, ಆಕ್ಷೇಪ ಎತ್ತಿ.

ಇನ್ನು ಟೆಟ್ರಾಪಾಡ್. ಹಡ್ಸನ್ ಸೂತ್ರದಲ್ಲಿ ಒರಟು ಕಲ್ಲಿಗೆ 2 ಇದ್ದ ಗುಣಾಂಕ ಇದಕ್ಕೆ, ಮುರಿಯುವ ಅಲೆಗೆ, 7, ಅಂದರೆ ಕಾಲುಗಳು ಒಂದಕ್ಕೊಂದು ಸಿಕ್ಕಿಕೊಂಡು ಕಡಿಮೆ ತೂಕದಲ್ಲೇ ಹೆಚ್ಚು ಅಲೆ ತಡೆಯುತ್ತದೆ. ದೊಡ್ಡ ಕಲ್ಲು ಸಿಗದ ಕಡೆ, ಬ್ರೇಕ್‌ವಾಟರಿನ (ಬಂದರಿನ ಅಲೆತಡೆ ಗೋಡೆಯ) ತುದಿಯಂಥ ಜಾಗಕ್ಕೆ ಅದು ನಿಜವಾಗಿಯೂ ಒಳ್ಳೆಯದು. ಆದರೆ ಈ ಹಿಡಿತ ಸಿಗುವುದು ಸರಿಯಾದ ನಡುಪದರದ ಮೇಲೆ, ಎರಡು ಸಾಲಾಗಿ, ಕ್ರೇನಿನಲ್ಲಿ ಜೋಡಿಸಿದಾಗ ಮಾತ್ರ. ಬರೀ ಮರಳಿನ ಮೇಲೆ ಒಂದು ಸಾಲು ಇಟ್ಟರೆ ಕಲ್ಲಿನ ಹಾಗೆಯೇ ಹೂತುಹೋಗುತ್ತದೆ. ಅಲ್ಲದೆ ಇವುಗಳೊಳಗೆ ಸಾಮಾನ್ಯವಾಗಿ ಕಬ್ಬಿಣ ಇರುವುದಿಲ್ಲ. ತಳ ಸಡಿಲವಾಗಿ ಅಲುಗಾಡಿದರೆ ಕಾಲು ಮುರಿಯುತ್ತದೆ, ಮುರಿದದ್ದಕ್ಕೆ ಹಿಡಿತವಿಲ್ಲ. 1978ರ ಫೆಬ್ರವರಿಯಲ್ಲಿ ಪೋರ್ಚುಗಲ್ಲಿನ ಸಿನೆಸ್ ಬಂದರಿನಲ್ಲಿ 42 ಟನ್ನಿನ ಡೋಲೋಸ್‌ಗಳು, ಇದೇ ಜಾತಿಯ ಕಾಂಕ್ರೀಟ್ ಘಟಕಗಳು, ಬಿರುಗಾಳಿಯಲ್ಲಿ ಮುರಿದು ಹೋದವು. ಬುಡ ಸರಿ ಮಾಡದೆ ಟೆಟ್ರಾಪಾಡ್ ಕೇಳಿದರೆ ದುಡ್ಡು ಹೆಚ್ಚಾಗುತ್ತದೆ, ಗೋಡೆಯ ಆಯಸ್ಸು ಹೆಚ್ಚಾಗುವುದಿಲ್ಲ.

ತೆಂಗಿನಮರಗಳ ವಿಷಯ ಬೇರೆ. ಗೋಡೆ ತನ್ನ ಹಿಂದಿನ ನೆಲವನ್ನು ಕಾಯುತ್ತದೆ, ಮುಂದಿನ ದಂಡೆಯನ್ನಲ್ಲ. ಹಿಂದೆ ಆ ನೆಲದಿಂದ ಪಕ್ಕದವರಿಗೆ ಸಿಗುತ್ತಿದ್ದ ಮರಳು ಈಗ ಬೀಗ ಹಾಕಿದಂತಾಗಿದೆ, ತುದಿಗೆ ಬಡಿದ ಅಲೆಯೂ ಆ ಕಡೆಗೇ ತಿರುಗುತ್ತದೆ. ತುದಿಯನ್ನು ನೆಲದೊಳಕ್ಕೆ ಬಾಗಿಸಿ ಕಟ್ಟಿದರೆ ಗೋಡೆಯ ಹಿಂದೆ ನೀರು ನುಗ್ಗುವುದು ತಪ್ಪುತ್ತದೆ, ಪಕ್ಕದ ಕೊರೆತ ಪೂರ್ತಿ ನಿಲ್ಲುವುದಿಲ್ಲ. ಗೋಡೆಯನ್ನು ನೂರು ಮೀಟರ್ ಉದ್ದ ಮಾಡಿದರೆ ಕೊರೆತ ನೂರು ಮೀಟರ್ ಆಚೆ ಹೋಗುತ್ತದೆ, ಅಷ್ಟೇ. ಮರವಂತೆಯಂಥ ಕಡೆ, ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು, ನಡುವೆ ಹೆದ್ದಾರಿ ಇರುವಲ್ಲಿ, ಗಟ್ಟಿ ರಕ್ಷಣೆ ಬಿಟ್ಟು ಬೇರೆ ದಾರಿಯಿಲ್ಲ. ಹಿಂದೆ ಸರಿಯಲು ಜಾಗವಿರುವ ಊರಿನಲ್ಲಿ ಗೋಡೆಯನ್ನೇ ಮೊದಲು ಕೇಳುವುದು ತಪ್ಪೆಂದು ನನ್ನ ಖಚಿತ ಅಭಿಪ್ರಾಯ.

ದಂಡೆಯೇ ಬೇಕೆಂದಾದರೆ ಎರಡು ದಾರಿಗಳಿವೆ. ತೀರದಿಂದ ಕಡಲಿಗೆ ಅಡ್ಡಲಾಗಿ ಚಾಚುವ ಗ್ರಾಯ್ನ್‌ಗಳು ತೀರದುದ್ದಕ್ಕೂ ಸಾಗುವ ಮರಳನ್ನು ಹಿಡಿಯುತ್ತವೆ. ಎರಡು ಗ್ರಾಯ್ನ್ ನಡುವಿನ ಅಂತರ ಅವುಗಳ ಉದ್ದದ ಎರಡು-ಮೂರು ಪಟ್ಟು ಇರುತ್ತದೆ. ಕಟ್ಟುವಾಗಲೇ ನಡುವೆ ಹೊರಗಿನ ಮರಳು ತುಂಬದಿದ್ದರೆ ಪಕ್ಕದ ಊರಿನ ಪಾಲಿನ ಮರಳನ್ನು ಕಸಿದುಕೊಂಡ ಹಾಗೆ. ಇನ್ನೊಂದು, ತೀರದಿಂದ ದೂರದಲ್ಲಿ, ನೀರಿನೊಳಗೇ ಅಲೆಯನ್ನು ಮುರಿಯುವ ರೀಫ್. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಯೋಜನೆಯಲ್ಲಿ ರೀಫ್ ಮತ್ತು ತೀರದ ಬರ್ಮ್‌ಗಳನ್ನು (ದಂಡೆಯುದ್ದದ ದಿಬ್ಬಗಳನ್ನು) ಸೇರಿಸಿದ್ದು ಇದಕ್ಕೇ. ನೇತ್ರಾವತಿ-ಗುರುಪುರ ಅಳಿವೆಯ ಹತ್ತಿರದ ಆ ತೀರಕ್ಕೆ ಬರೀ ಕಲ್ಲು ಸುರಿದು ವರ್ಷಗಟ್ಟಲೆ ಪ್ರಯೋಜನವಾಗಿರಲಿಲ್ಲ.

ನಿಮ್ಮ ಮನವಿಯಲ್ಲಿ ಬಂದರು ಇಲಾಖೆಯಿಂದ ಕೇಳಬೇಕಾದದ್ದು: ಮಳೆಗಾಲದ ದಂಡೆಮಟ್ಟದ ಅಳತೆ, ಗೋಡೆಯ ಅಡ್ಡಸೀಳು ನಕ್ಷೆ, ಅದರಲ್ಲಿ ಬುಡದ ತಳಮಟ್ಟ, ಹೊರಗಲ್ಲಿನ ಕನಿಷ್ಠ ತೂಕ, ಎರಡೂ ತುದಿಗಳ ವಿವರ. ಪುಣೆಯ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಇಂಥ ವಿನ್ಯಾಸ ಮಾಡಿಕೊಡುತ್ತದೆ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿಗೆ ಸಮಯ ಹಿಡಿಯುವುದರಿಂದ ಮನವಿ ಈಗಲೇ ಹೋಗಲಿ. ಬುಡದ ಕೆಲಸ ನವೆಂಬರಿನಿಂದ ಏಪ್ರಿಲ್ ಒಳಗೆ, ದೊಡ್ಡ ಇಳಿತದ ದಿನಗಳಲ್ಲಿ ಆಗಬೇಕು. ಜೂನ್‌ನಲ್ಲಿ ತುರ್ತು ಎಂದು ಲಾರಿ ಬಂದರೆ, ಮನೆಗೆ ಅಪಾಯವಿರುವ ಜಾಗಕ್ಕೆ ಮಾತ್ರ ಕಲ್ಲು ಹಾಕಿಸಿ, ಉಳಿದದ್ದನ್ನು ಬೇಸಿಗೆಯ ಬುಡದ ಕೆಲಸಕ್ಕೆ ದಾಸ್ತಾನು ಇಡಲು ಹೇಳಿ.