ಓದುಗರು ಕೇಳಿದ್ದು: ಕ್ಯಾಲಿಗ್ರಫಿ ಫಾಂಟು ಎಲ್ಲಿ ಚೆಂದ, ಎಲ್ಲಿ ತೊಂದರೆ

ಪ್ರಶ್ನೆ: ಮಗಳ ಮದುವೆ ಪತ್ರಿಕೆಯನ್ನು ಪೂರ್ತಿ ಕ್ಯಾಲಿಗ್ರಫಿ ಫಾಂಟಿನಲ್ಲೇ ಮಾಡಿಸುವ ಆಸೆ. ಪ್ರೆಸ್ಸಿನವರು ಬೇಡ ಅನ್ನುತ್ತಾರೆ. ಯಾಕೆ?
— ಓದುಗರೊಬ್ಬರು, ಹಾಸನ

ಉತ್ತರ: ಅವರು ಹೇಳುವುದು ಸರಿ. ಈ ಫಾಂಟುಗಳ ಸೊಗಸೆಲ್ಲ ದಪ್ಪ ಗೆರೆ ತೆಳುವಾಗುತ್ತ ಹೋಗುವುದರಲ್ಲಿದೆ. ಅಕ್ಷರ ದೊಡ್ಡದಿದ್ದರೆ ಮಾತ್ರ ಅದು ಕಾಣುತ್ತದೆ. ವಧೂವರರ ಹೆಸರಿಗೆ 24ರಿಂದ 30 ಪಾಯಿಂಟ್ ಕೊಡಿ. ಮುಹೂರ್ತ, ಛತ್ರದ ವಿಳಾಸ, ಬಂಧುಗಳ ಹೆಸರು 12 ಪಾಯಿಂಟಿನ ಸಾದಾ ಅಕ್ಷರದಲ್ಲಿರಲಿ. ದಿನಾಂಕವನ್ನಂತೂ ಕುಂಚದ ಶೈಲಿಯಲ್ಲಿ ಹಾಕಿಸಲೇಬೇಡಿ; ಕನ್ನಡ ಅಂಕಿಗಳಾದರೆ ೬ ಯಾವುದು, ೯ ಯಾವುದು ಎಂದು ಹಿರಿಯರು ಕನ್ನಡಕ ಒರೆಸಿಕೊಳ್ಳಬೇಕಾಗುತ್ತದೆ.

ಫಾಂಟ್ ಆರಿಸುವಾಗ ಬರೀ ‘ಅ ಆ ಇ ಈ’ ನೋಡಿ ಒಪ್ಪಬೇಡಿ. ‘ಲಕ್ಷ್ಮೀ’, ‘ಜ್ಯೋತ್ಸ್ನಾ’, ‘ಧನಂಜಯ’ ಟೈಪ್ ಮಾಡಿಸಿ ನೋಡಿ. ಮೊದಲೆರಡರಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತು. ಅವು ಒಂದರ ಮೇಲೊಂದು ಬಿದ್ದಿದ್ದರೆ ಆ ಫಾಂಟು ಬಿಟ್ಟುಬಿಡಿ. ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದರೆ ತಪ್ಪು ಫಾಂಟಿನದಲ್ಲ, ಸಾಲಿನ ಅಂತರದ್ದು: 24 ಪಾಯಿಂಟಿನ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 38–40 ಪಾಯಿಂಟ್ ಬೇಕಾಗುತ್ತದೆ. ಮೂರನೆಯದರಲ್ಲಿ ಧಕಾರದ ಹೊಟ್ಟೆಸೀಳು ನೋಡಿ. ಪರದೆಯ ಮೇಲೆ ಕಂಡ ಸೀಳು ಗೋಲ್ಡ್ ಫಾಯಿಲ್ ಒತ್ತಿದಾಗ ಮುಚ್ಚಿಹೋಗುವುದುಂಟು. ಮದುಮಗ ‘ದನಂಜಯ’ನಾದರೆ ಬೀಗರಿಗೆ ನಗಲು ಅಷ್ಟು ಸಾಕು! ಫಾಯಿಲ್ ಮಾಡಿಸುವುದಿದ್ದರೆ ಒಂದು ಸ್ಯಾಂಪಲ್ ಕಾರ್ಡ್ ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮ ಕಾಫಿಪುಡಿ ಪೊಟ್ಟಣಕ್ಕೆ ಕೈಬರಹದಂಥ ಫಾಂಟಿನಲ್ಲಿ ಹೆಸರು ಮಾಡಿಸಿದೆವು. ಮನೆಯ ಕಂಪ್ಯೂಟರಿನಲ್ಲಿ ಸರಿಯಿದೆ, ಪ್ರೆಸ್ಸಿನಲ್ಲಿ ಒತ್ತಕ್ಷರ ಪಕ್ಕಕ್ಕೆ ಸರಿದು ಕೂರುತ್ತದೆ.
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಒತ್ತು ಅಡಿಯಲ್ಲಿ ಕೂರದೆ ಬಿಡಿಯಾಗಿ ನಿಂತಿದ್ದರೆ ಸಾಫ್ಟ್‌ವೇರಿಗೆ ಕನ್ನಡ ಜೋಡಿಸಲು ಬರುತ್ತಿಲ್ಲ ಎಂದರ್ಥ. ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಾದರೆ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಬೇಕು. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಬಂದರೆ ಕತೆ ಬೇರೆ: ಅದು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ, ಹಳೆಯ ‘ನುಡಿ’ ಸಾಫ್ಟ್‌ವೇರಿನ ಪಠ್ಯ, ಪರಿವರ್ತಕದಲ್ಲಿ ಹಾಯಿಸಿ ಯುನಿಕೋಡ್ ಮಾಡಿಕೊಳ್ಳಬೇಕು. ಎರಡಕ್ಕೂ ಸುಲಭದ ದಾರಿ, ಸರಿಯಾಗಿ ಕಾಣುವ ನಿಮ್ಮ ಕಂಪ್ಯೂಟರಿನಲ್ಲೇ ಹೆಸರನ್ನು ಕರ್ವ್ಸ್‌ಗೆ (ಅಂದರೆ ಅಕ್ಷರವನ್ನು ಬರೀ ಗೆರೆಯ ಚಿತ್ರವಾಗಿ) ಬದಲಿಸಿ ಪಿಡಿಎಫ್ ಕಳಿಸುವುದು. ಆಮೇಲೆ ಅಕ್ಷರ ತಿದ್ದಲಾಗದು, ಹಾಗಾಗಿ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಕಂದು ಪೊಟ್ಟಣದ ಮೇಲೆ ಬಿಳಿ ಅಕ್ಷರವಾದರೆ ತೆಳು ಗೆರೆಯನ್ನು ಶಾಯಿ ನುಂಗುತ್ತದೆ. ಅತಿ ಸಣ್ಣ ಗೆರೆಯೂ ಅರ್ಧ ಪಾಯಿಂಟಿಗಿಂತ ಕಡಿಮೆಯಿರದಿರಲಿ. ಚಿಕೋರಿ ಪ್ರಮಾಣ, ತೂಕ, ಬೆಲೆ ಸಾದಾ ಫಾಂಟಿನಲ್ಲೇ ಇರಬೇಕು. ‘ಪರ್ಸನಲ್ ಯೂಸ್’ ಎಂದಿರುವ ಫಾಂಟು ಮಾರಾಟದ ಸರಕಿಗೆ ಸಲ್ಲದು. ಗೂಗಲ್ ಫಾಂಟ್ಸ್‌ನ ‘ಅಕಾಯ ಕನಡಕ’ (Akaya Kanadaka) ಫಾಂಟಿಗೆ ಆ ತಕರಾರಿಲ್ಲ, ನೋಡಿ.

ಪ್ರಶ್ನೆ: ಅಂಗಡಿಯ ಹೆಸರನ್ನು ಇಂಗ್ಲಿಷ್ ಕೂಡಕ್ಷರದ ಫಾಂಟಿನಲ್ಲಿ ಎಲ್ಲ ಕ್ಯಾಪಿಟಲ್ ಹಾಕಿಸಿದೆ. ಓದಲಾಗುತ್ತಿಲ್ಲ.
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಆ ಕ್ಯಾಪಿಟಲ್‌ಗಳು ಪದದ ಮೊದಲಿಗಷ್ಟೇ. ಉಳಿದದ್ದು ಸ್ಮಾಲ್ ಲೆಟರ್ ಮಾಡಿ, ಅಕ್ಷರಗಳ ನಡುವಿನ ಅಂತರ ಸೊನ್ನೆಗೆ ಇಳಿಸಿ. ಅಂತರ ಕೊಟ್ಟರೆ ಕೂಡುಗೆರೆ ತುಂಡಾಗುತ್ತದೆ. ಅದೇ ಬೋರ್ಡಿನ ಕನ್ನಡದ ಹೆಸರಿಗೆ ಈ ಭಯವಿಲ್ಲ, ತುಸು ಬಿಡಿಸಿ ಬರೆಸಿದರೆ ರಸ್ತೆಯಾಚೆಯಿಂದಲೂ ಓದಬಹುದು.